ಹೊರಡದ ಕಾರು

ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದ ಮೆಕ್ಯಾನಿಕ್ ಬಗ್ಗಿ ಇನ್ನೊಮ್ಮೆ ನೋಡಿದ. ಒಳಗೆ ಇರಬೇಕಾದ ರೋಟರ್ ಇರಲಿಲ್ಲ.

ಸವೆದಿರಲಿಲ್ಲ, ಮುರಿದಿರಲಿಲ್ಲ — ಇರಲೇ ಇಲ್ಲ. ಹೆಬ್ಬೆರಳಿನ ಗಾತ್ರದ ಕಪ್ಪು ತುಂಡು ಅದು. ಎಂಜಿನ್ನಿನ ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವುದು ಅದರ ಕೆಲಸ. ಅದಿಲ್ಲದಿದ್ದರೆ ತಿಪ್ಪರಲಾಗ ಹಾಕಿದರೂ ಕಾರು ಸ್ಟಾರ್ಟ್ ಆಗುವುದಿಲ್ಲ. ತಾನಾಗಿ ಕಳಚಿ ಬೀಳುವ ವಸ್ತುವೂ ಅಲ್ಲ. ಮುಚ್ಚಳದ ಕ್ಲಿಪ್ಪು ಬಿಚ್ಚಿ, ಬೆರಳಿನಿಂದ ಎಳೆದೇ ತೆಗೆಯಬೇಕು. ತೆಗೆದವರು ಮುಚ್ಚಳವನ್ನು ಮತ್ತೆ ಕೂರಿಸಿ ಕ್ಲಿಪ್ಪನ್ನೂ ಹಾಕಿದ್ದರು.

ಬಂದಾಗ ಷೆಡ್ಡು ಕತ್ತಲಾಗಿತ್ತು. ಅವನೇ ಎರಡನೆಯ ಬಾಗಿಲಿನ ಕೆಳಬೋಲ್ಟನ್ನು ಬೂಟಿನಿಂದ ಒದ್ದು ಸಡಿಲಿಸಿ, ಹೆಗಲು ಕೊಟ್ಟು ತಳ್ಳಿ, ಬೆಳಕು ಮಾಡಿಕೊಂಡಿದ್ದ. ಈಗ ಬೆಳಕಿಗೇನೂ ಕೊರತೆಯಿರಲಿಲ್ಲ. ಕಣ್ಣು ತಪ್ಪಿರುವ ಪ್ರಶ್ನೆಯೇ ಇಲ್ಲ.

"ಏನಾಗಿದೆ?" ಪಕ್ಕದಲ್ಲಿ ನಿಂತಿದ್ದ ಹೆಡ್‌ಮಿಸ್ ಕೇಳಿದರು. ಶಾಲೆಯಿಂದ ನಿವೃತ್ತರಾಗಿ ಬಹಳ ಕಾಲ ಕಳೆದಿದ್ದರೂ ಆ ಬೀದಿಗೆ ಅವರು ಇನ್ನೂ ಹೆಡ್‌ಮಿಸ್ಸೇ. ತಿಳಿನೀಲಿ ಬಣ್ಣದ ಆ ಹಳೆಯ ಕಾರು ಅವರದು. ಅವರನ್ನು ಬಿಟ್ಟು ಬೇರೆ ಯಾರೂ ಅದರ ಸ್ಟಿಯರಿಂಗ್ ಹಿಡಿದದ್ದಿಲ್ಲ.

"ಕೆಟ್ಟಿಲ್ಲ ಮಿಸ್," ಮೆಕ್ಯಾನಿಕ್ ಕೈ ಒರೆಸಿಕೊಂಡ. "ಯಾರೋ ರೋಟರ್ ತೆಗೆದಿದ್ದಾರೆ. ಬೇಕು ಅಂತಲೇ."

ಹೆಡ್‌ಮಿಸ್ ಕೈಯಲ್ಲಿದ್ದ ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡರು. ಅಷ್ಟರಲ್ಲಿ ಗೇಟಿನ ಬಳಿ ಕಾದಿದ್ದ ಅವರ ತಂಗಿ ಊರುಗೋಲು ಹಿಡಿದು ಷೆಡ್ಡಿಗೆ ಬಂದರು. ಒಂದು ದಿನವೂ ಪಾಠ ಹೇಳಿದವರಲ್ಲದಿದ್ದರೂ ಇವರನ್ನು ಎಲ್ಲರೂ ಚಿಕ್ಕಮಿಸ್ ಅನ್ನುತ್ತಿದ್ದರು. ಮಂಡಿ ಆಪರೇಷನ್ ಆದ ಮೇಲೆ ಅವರಿಗೆ ಶನಿವಾರ ಶನಿವಾರ ಸೇತುವೆಯಾಚೆಯ ಆಸ್ಪತ್ರೆಯಲ್ಲಿ ವ್ಯಾಯಾಮ. ಅಕ್ಕ ಕಾರಿನಲ್ಲಿ ಕರೆದುಕೊಂಡು ಹೋಗುವುದು, ಬರುವಾಗ ಕೆರೆಯ ಏರಿ ಮೇಲೆ ನಿಲ್ಲಿಸಿ ಇಬ್ಬರೂ ಗಾಳಿ ಕುಡಿಯುವುದು ವಾಡಿಕೆ. ಇತ್ತೀಚೆಗೆ ಆ ವಾಡಿಕೆಗೆ ಕಲ್ಲು ಬಿದ್ದಿತ್ತು. ಒಂದು ಶನಿವಾರ ಬ್ಯಾಟರಿಯ ವೈರು ಸಡಿಲ. ಮತ್ತೊಂದು ಶನಿವಾರ ಪೆಟ್ರೋಲ್ ಪೈಪು ಕಳಚಿತ್ತು. ಎರಡು ಸಲವೂ ಚಿಕ್ಕಮಿಸ್ ಫೋನು ಮಾಡಿದ್ದರು, ಮೆಕ್ಯಾನಿಕ್ ಬಂದು ಸರಿಮಾಡಿದ್ದ. ಹಳೇ ಗಾಡಿ ಅಂದಮೇಲೆ ಇದ್ದದ್ದೇ ಎಂದುಕೊಂಡಿದ್ದ.

ಈಗ ಹಾಗೆ ಅಂದುಕೊಳ್ಳುವಂತಿರಲಿಲ್ಲ.

"ಯಾರು ತೆಗೆದಿರಬಹುದು?" ಚಿಕ್ಕಮಿಸ್ ಕೇಳಿದರು.

"ಪಾರ್ಟ್ಸು ಗೊತ್ತಿರೋರ ಕೈಕೆಲಸ," ಎಂದ ಮೆಕ್ಯಾನಿಕ್. ಎಂದವನು ಅಲ್ಲಿಗೆ ಸುಮ್ಮನಿರಬೇಕಿತ್ತು. ಮೆಟ್ಟಿಲಿಳಿದು ಬರುತ್ತಿದ್ದ ಯುವಕನ ಕಡೆ ಅವನ ಕಣ್ಣು ಹೋಯಿತು. ಚಿಕ್ಕಮಿಸ್ ಕಣ್ಣೂ ಹೋಯಿತು.

ಆ ಯುವಕ ಅಕ್ಕತಂಗಿಯರ ಅಣ್ಣನ ಮಗ. ಮಹಡಿಯ ರೂಮಿನಲ್ಲಿದ್ದು, ಕಾರಿನ ಬಿಡಿಭಾಗ ಮಾರುವ ದೊಡ್ಡ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಹೋದ ತಿಂಗಳು ಹಳೆಯ ಕಾರು ಕೊಳ್ಳುವವನೊಬ್ಬನನ್ನು ಕರೆತಂದು ಷೆಡ್ಡು ತೋರಿಸಿ ದೊಡ್ಡತ್ತೆಯಿಂದ ಸರಿಯಾಗಿ ಬೈಸಿಕೊಂಡಿದ್ದ.

"ಗಾಡಿ ಸಾಕಾಗಿ ಮಾರಲಿ ಅಂತ ತಾನೇ ಇದೆಲ್ಲ?" ಚಿಕ್ಕಮಿಸ್ ಊರುಗೋಲನ್ನು ನೆಲಕ್ಕೆ ಕುಟ್ಟಿದರು.

"ಯಾವುದೆಲ್ಲ ಚಿಕ್ಕತ್ತೆ?"

"ನಾಟಕ ಬೇಡ. ಷೆಡ್ಡಿನ ಬೀಗದಕೈ ಅಡುಗೆಮನೆ ಮೊಳೇಲಿ ನೇತಾಡ್ತಿರುತ್ತೆ. ನೀನಲ್ಲದೆ ಇನ್ಯಾರು?"

ಯುವಕ ವಿಷಯ ಕೇಳಿ ತಿಳಿದುಕೊಂಡ. ಮುಖ ಕೆಂಪಾಯಿತು. "ನನ್ನನ್ನೇ ಯಾಕೆ ಕೇಳ್ತೀರಿ? ಗಾಡಿ ಕೆಟ್ಟಾಗಲೆಲ್ಲ ಯಾರಿಗೆ ಕೆಲಸ ಸಿಗುತ್ತೆ? ಬಾನೆಟ್ಟಿಗೆ ಕೈ ಹಾಕೋದು ಯಾರು? ಇವರನ್ನ ಕೇಳಿ."

ಮೆಕ್ಯಾನಿಕ್ ಕಿವಿಯವರೆಗೂ ಬಿಸಿಯಾದ. ಆದರೆ ಚಿಕ್ಕಮಿಸ್ ಅವನಿಗೆ ಬಾಯಿ ತೆರೆಯಲು ಬಿಡಲಿಲ್ಲ. "ತಿಂಗಳ ಕೊನೆಗೆ ರೂಮು ಖಾಲಿ ಮಾಡು," ಎಂದುಬಿಟ್ಟರು ಅಣ್ಣನ ಮಗನಿಗೆ.

ಎಲ್ಲರೂ ಹೆಡ್‌ಮಿಸ್ ಕಡೆ ನೋಡಿದರು. ಆ ಮನೆಯಲ್ಲಿ ಕೊನೆಯ ಮಾತು ಅವರದೇ. ಅವರು ಬೀಗದಕೈಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

"ಹೊತ್ತಾಯ್ತು. ಟ್ಯಾಕ್ಸಿ ಕರೆಸಿ," ಎಂದರು. ಅಷ್ಟೇ.

*

ಮಾತಿಗೆ ಕಾಲು ಬರಲು ತಡವಾಗಲಿಲ್ಲ. ಹೆಡ್‌ಮಿಸ್ ಕಾರನ್ನು ಮೆಕ್ಯಾನಿಕ್ಕೇ ಕೆಡಿಸಿ ಮೆಕ್ಯಾನಿಕ್ಕೇ ರಿಪೇರಿ ಮಾಡುತ್ತಾನಂತೆ ಎಂಬುದು ವಾರ ಕಳೆಯುವುದರೊಳಗೆ ಬೀದಿಯ ಕೊನೆಯವರೆಗೂ ಮುಟ್ಟಿತ್ತು. ಹಳೆಯ ವ್ಯಾನಿನ ಬ್ರೇಕು ಮಾಡಿಸಲು ಬಂದ ಕಾಯಂ ಗಿರಾಕಿಯೊಬ್ಬ ಮನೆಯಿಂದ ಮಡಿಚುವ ಕುರ್ಚಿ ತಂದಿದ್ದ. ವ್ಯಾನಿನ ಪಕ್ಕದಲ್ಲೇ ಹಾಕಿಕೊಂಡು ಕೂತ.

"ನೀವು ಹೋಗಿ ಸಂಜೆ ಬನ್ನಿ," ಎಂದ ಮೆಕ್ಯಾನಿಕ್.

"ಪರವಾಗಿಲ್ಲ. ಸುಮ್ಮನೆ ಕೂತಿರ್ತೀನಿ," ಎಂದ ಗಿರಾಕಿ. ಕೆಲಸ ಮುಗಿಯುವವರೆಗೂ ಅವನ ಕಣ್ಣು ಮೆಕ್ಯಾನಿಕ್ಕನ ಕೈ ಬಿಟ್ಟು ಕದಲಲಿಲ್ಲ.

ಅವನು ಕುರ್ಚಿ ಮಡಿಚಿಕೊಂಡು ಹೋದ ಮೇಲೆ ಗ್ಯಾರೇಜಿನ ಹಿಂಭಾಗದಲ್ಲಿ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಅಲ್ಲಿದ್ದವಳು ಮೆಕ್ಯಾನಿಕ್ಕನ ಅಕ್ಕ. ಪೊಲೀಸ್ ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ದುಡಿದು ನಿವೃತ್ತಳಾದವಳು ಈಗ ತಮ್ಮನ ಬಳಿ ಬರುವ ಹಳೆಯ ಕಾರುಗಳ ಸೀಟಿಗೆ ಕವರು ಹೊಲಿಯುತ್ತಿದ್ದಳು. ಗಿರಾಕಿಗಳ ಬಾಯಲ್ಲಿ ಅವಳು ಪೊಲೀಸಕ್ಕ.

"ನೀನು ಆ ಕುರ್ಚಿ ಕಡೆ ನೋಡ್ತಾ ನೋಡ್ತಾ ಎರಡು ಸಲ ಬೆರಳು ಜಜ್ಜಿಕೊಂಡೆ," ಎಂದಳು. "ಬಾ, ಕೂತ್ಕೋ. ಮೊದಲಿಂದ ಹೇಳು."

"ಹೇಳೋಕೇನಿದೆ? ರೋಟರ್ ಇಲ್ಲ. ಅದಿಲ್ಲದೆ ಸ್ಪಾರ್ಕು—"

"ಗಾಡಿ ಕಥೆ ಬೇಡ ಕಣೋ. ನಂಗೆ ಸೀಟು ಒಂದು ಬಿಟ್ಟು ಬೇರೇನೂ ತಿಳಿಯಲ್ಲ. ಬೀಗ ಒಡೆದಿತ್ತಾ?"

"ಇಲ್ಲ."

"ಬೇರೆ ಏನಾದ್ರೂ ಹೋಗಿತ್ತಾ? ಬ್ಯಾಟರಿ, ಟೈರು?"

"ಏನೂ ಇಲ್ಲ."

"ಎರಡನೇ ಸಲ ಪೈಪು ಕಳಚಿತ್ತು ಅಂದ್ಯಲ್ಲ. ಪೆಟ್ರೋಲು ನೆಲಕ್ಕೆ ಸೋರಿತ್ತಾ?"

ಮೆಕ್ಯಾನಿಕ್ ಯೋಚಿಸಿದ. "ಇಲ್ಲ. ಪೈಪಿನ ತುದಿಗೆ ಬಟ್ಟೆ ಸುತ್ತಿ ದಾರ ಕಟ್ಟಿತ್ತು. ಒಂದು ಹನಿ ಬಿದ್ದಿರಲಿಲ್ಲ."

"ಅವತ್ತೇ ಅನುಮಾನ ಬರಲಿಲ್ವಾ ನಿಂಗೆ?"

"ಯಾರೋ ಕೈ ಹಾಕಿ, ಮತ್ತೆ ಹಾಕೋಕೆ ಬರದೆ ಬಿಟ್ಟಿದ್ದಾರೆ ಅಂದ್ಕೊಂಡೆ. ಆ ಹುಡುಗನೇ ಇರಬೇಕು ಅಂತ."

ಪೊಲೀಸಕ್ಕ ಬೆರಳಿಗೆ ಹಾಕಿದ್ದ ಅಂಗುಸ್ತಾನ ತೆಗೆದು ಮಿಷನ್ನಿನ ಮೇಲಿಟ್ಟಳು. "ಕೆಡಿಸೋರು ಕೆಡಿಸ್ತಾರೆ. ಕೆಡಿಸಿ, ಗಾಯಕ್ಕೆ ಪಟ್ಟಿ ಕಟ್ಟೋರನ್ನ ನಾನು ಠಾಣೇಲಿ ಒಬ್ಬರನ್ನೂ ನೋಡಿಲ್ಲ. ನಡಿ, ಅವರನ್ನೆಲ್ಲ ಒಂದ್ಸಲ ಮಾತಾಡಿಸೋಣ."

"ನೀನು ಯಾವ ಅಧಿಕಾರದಲ್ಲಿ ಮಾತಾಡಿಸ್ತೀಯ?"

"ನಿನ್ನ ಅಕ್ಕ ಅನ್ನೋ ಅಧಿಕಾರದಲ್ಲಿ."

*

ಯುವಕ ಮಹಡಿಯ ರೂಮಿನಲ್ಲಿ ರಟ್ಟಿನ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದ. ಮೆಕ್ಯಾನಿಕ್ಕನನ್ನು ಕಂಡು ಮುಖ ತಿರುಗಿಸಿದ. ಪೊಲೀಸಕ್ಕ ಇದ್ದ ಒಂದೇ ಸ್ಟೂಲನ್ನು ಎಳೆದುಕೊಂಡು ಕೂತಳು.

"ಕಾರು ಮಾರಿಸೋ ಮನಸ್ಸಿತ್ತಾ ನಿಂಗೆ?"

"ಇತ್ತು."

"ಯಾಕಪ್ಪಾ?"

"ದೊಡ್ಡತ್ತೆ ಓಡಿಸೋದು ನೋಡೋಕೆ ಭಯ ಆಗುತ್ತೆ. ಗೇಟಿನ ಕಂಬಕ್ಕೆ ಉಜ್ಜಿದ ಗುರುತು ನೋಡಿ, ಗೊತ್ತಾಗುತ್ತೆ. ಹೇಳಿದ್ರೆ ಯಾರು ಕೇಳ್ತಾರೆ? ಹೇಳಿದ್ದಕ್ಕೆ ಇನ್ನೊಂದು ಅರ್ಥ ಬಂತು."

"ಹಾಗಾದ್ರೆ ರೋಟರ್ ನೀನೇ ತೆಗೆದೆ."

"ನಾನು ತೆಗೀಲಿಲ್ಲ. ಅದನ್ನ ತೆಗೀಬೇಕಾದ್ರೆ ಜಾಕ್ ಹಾಕಿ ಗಾಡಿ ಎತ್ತಬೇಕು, ಚಕ್ರ ಬಿಚ್ಚಬೇಕು. ಅಷ್ಟೆಲ್ಲ ಮಾಡಿದ್ರೆ ಮನೆಯವರಿಗೆ ಸದ್ದು ಕೇಳಿಸಲ್ವಾ?"

ಮೆಕ್ಯಾನಿಕ್ ಏನೋ ಹೇಳಹೊರಟ. ಅಕ್ಕ ಅವನ ಕಾಲು ತುಳಿದಳು.

"ಸರಿ ಕಣಪ್ಪ," ಎಂದು ಎದ್ದಳು. ಮೆಟ್ಟಿಲಿಗೆ ಬಂದ ಮೇಲೆ ತಮ್ಮನನ್ನು ಕೇಳಿದಳು: "ರೋಟರ್ ಚಕ್ರದಲ್ಲಿರುತ್ತಾ?"

"ಈಗಿನ ಗಾಡಿಗಳಲ್ಲಿ ಬ್ರೇಕಿನ ತಟ್ಟೆಗೂ ರೋಟರ್ ಅಂತಾರೆ. ಅಂಗಡೀಲಿ ಅವನು ಮಾರೋದು ಅದು. ಇದು ಬೇರೇನೇ."

"ಅಂದ್ರೆ ಹೋಗಿದ್ದು ಯಾವುದು ಅಂತಲೇ ಅವನಿಗೆ ಗೊತ್ತಿಲ್ಲ."

"ನಟಿಸ್ತಿರಬಹುದು."

"ನಟಿಸೋನು ನಂಗೊತ್ತಿಲ್ಲ ಅಂತಾನೆ. ಇವನು ಗೊತ್ತು ಅಂತ ಹೇಳಿ ತಪ್ಪು ಹೇಳಿದ. ಬಿಡು ಅವನನ್ನ."

ಮೆಕ್ಯಾನಿಕ್ಕನಿಗೆ ಬಿಡುವುದು ಸುಲಭವಾಗಲಿಲ್ಲ. ಮೊದಲು ಆ ಹುಡುಗನ ಕಡೆ ಕಣ್ಣು ಹಾಯಿಸಿದವನು ತಾನೇ. ಅರ್ಧ ತುಂಬಿದ ರಟ್ಟಿನ ಪೆಟ್ಟಿಗೆ ಅವನ ಕಣ್ಣಿನಿಂದ ಹೋಗಲೊಲ್ಲದು.

ಚಿಕ್ಕಮಿಸ್ ಕೆಳಗಿನ ಕೋಣೆಯಲ್ಲಿ ಕಾಲನ್ನು ದಿಂಬಿನ ಮೇಲೆ ಚಾಚಿ ಕೂತಿದ್ದರು. ಪೊಲೀಸಕ್ಕ ನೇರವಾಗಿ ವಿಷಯಕ್ಕೆ ಬಂದಳು.

"ಶನಿವಾರ ಕಾರಲ್ಲಿ ಹೊರಡೋವಾಗ ಏನೇನು ಮಾಡ್ತೀರಿ? ಒಂದಾದ ಮೇಲೊಂದು ಹೇಳಿ."

"ಮಾಡೋದೇನು? ಮುಂಚೆ ಅಕ್ಕ ಹೋಗಿ ಷೆಡ್ಡಿನ ಬಾಗಿಲು ಎರಡೂ ತೆಗೀತಾಳೆ. ಬೋಲ್ಟು ಬಿಗಿ, ಸದ್ದು ಇಲ್ಲಿವರೆಗೂ ಕೇಳಿಸುತ್ತೆ. ಆಮೇಲೆ ಗಾಜು ಒರೆಸ್ತಾಳೆ. ಆಮೇಲೆ ಕೂತು ಸ್ಟಾರ್ಟ್ ಮಾಡ್ತಾಳೆ. ಅವಳದ್ದು ಎಲ್ಲಾ ಟೈಂಟೇಬಲ್ ಪ್ರಕಾರ. ನಾನು ಮುಂದಗಡೆ ಗೇಟ್ ಹತ್ರ ನಿಂತಿರ್ತೀನಿ."

"ಗೇಟಿಂದ ಷೆಡ್ಡು ಕಾಣುತ್ತಾ?"

"ಇಲ್ಲ. ಅದು ಮನೆ ಹಿಂದಗಡೆ."

"ಹೋದ ಶನಿವಾರ ಆ ಬೋಲ್ಟಿನ ಸದ್ದು ಕೇಳಿಸ್ತಾ?"

ಚಿಕ್ಕಮಿಸ್ ನೆನಪು ಮಾಡಿಕೊಂಡರು. "ಕೇಳಿಸಿತು. ಆದ್ರೆ ಮಾಮೂಲಿಗಿಂತ ಲೇಟಾಗಿ. ಇವರು ಬಂದ ಮೇಲೆ."

ಮೆಕ್ಯಾನಿಕ್ಕನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅಕ್ಕ ಮಾತ್ರ ಎದ್ದು ನಿಂತಳು. ಠಾಣೆಯಲ್ಲಿದ್ದಾಗ ಬೆಲ್ಟು ಸರಿಮಾಡಿಕೊಳ್ಳುತ್ತಿದ್ದ ಅಭ್ಯಾಸ ಅವಳಿಗಿನ್ನೂ ಹೋಗಿರಲಿಲ್ಲ. ಬೆಲ್ಟಿಲ್ಲದ ಸೊಂಟವನ್ನು ಒಮ್ಮೆ ಮುಟ್ಟಿಕೊಂಡಳು.

"ಎಲ್ಲರೂ ಷೆಡ್ಡಿಗೆ ಬನ್ನಿ," ಎಂದಳು.

*

ಹೆಡ್‌ಮಿಸ್ ಕೊನೆಗೆ ಬಂದರು. ಬೀಗ ತೆಗೆದು, ಒಂದು ಬಾಗಿಲು ತೆರೆದು, ಒಳಗೆ ಹೋಗಿ ಕಾರಿನ ಪಕ್ಕದಲ್ಲಿ ನೆಟ್ಟಗೆ ನಿಂತರು. ತಂಗಿ ಒಂದು ಡಬ್ಬದ ಮೇಲೆ ಕೂತರು. ಯುವಕ ಹೊಸ್ತಿಲಲ್ಲೇ ಉಳಿದ.

ಪೊಲೀಸಕ್ಕ ಸುತ್ತ ನೋಡಿದಳು. "ಕತ್ತಲೆ ಇದೆ."

"ಆ ಬಾಗಿಲೂ ತೆಗೀಬೇಕು," ಎಂದು ಮೆಕ್ಯಾನಿಕ್ ಎರಡನೆಯ ಬಾಗಿಲ ಕಡೆ ಹೆಜ್ಜೆ ಇಟ್ಟ.

"ಅಲ್ಲೇ ನಿಲ್ಲು. ಹೋದ ಶನಿವಾರ ಈ ಬಾಗಿಲು ತೆಗೆದವರು ಯಾರು?"

"ನಾನೇ."

"ಅದಕ್ಕೂ ಮುಂಚೆ ಪೈಪು ಕಳಚಿದ ದಿನ?"

"ನಾನೇ. ಬೆಳಕು ಬೇಕಲ್ಲ."

"ಬ್ಯಾಟರಿ ದಿನ?"

ಮೆಕ್ಯಾನಿಕ್ ಬೋಲ್ಟಿನ ಕಡೆ ನೋಡಿದ. ಬೂಟಿನ ತುದಿಯಿಂದ ಬೋಲ್ಟನ್ನು ಒದ್ದದ್ದು, ಒಳಗಿಂದ ಯಾಕೆ ಇಷ್ಟು ಬಿಗಿ ಎಂದು ಗೊಣಗಿದ್ದು — ನೆನಪಾಯಿತು. "ಅವತ್ತೂ ನಾನೇ."

"ಈ ಕಾರು ಒಂದು ಬಾಗಿಲಲ್ಲಿ ಆಚೆ ಹೋಗುತ್ತಾ?"

"ಹೇಗೆ ಹೋಗುತ್ತೆ? ಎರಡೂ ತೆಗೀಲೇಬೇಕು."

"ನೀನು ಬಾನೆಟ್ಟೊಳಗೆ ಹುಡುಕಿದೆ," ಎಂದಳು ಪೊಲೀಸಕ್ಕ. "ಯಾವ ತುಂಡು ಹೋಯ್ತು, ಯಾವ ವೈರು ಸಡಿಲ ಆಯ್ತು ಅಂತ. ನಿನ್ನ ಕೆಲಸ ಅದು. ಆದ್ರೆ ಉತ್ತರ ನಿನ್ನ ಬೂಟಿನ ಹತ್ರಾನೇ ಇತ್ತು, ನೀನೇ ಒದ್ದು ಆಚೆ ತಳ್ಳಿದೆ. ಹೊರಡೋ ದಿನ ಈ ಬಾಗಿಲುಗಳನ್ನ ಮೊದಲು ತೆಗೆದು ಆಮೇಲೆ ಕಾರಲ್ಲಿ ಕೂರೋದು ಒಬ್ಬರ ಅಭ್ಯಾಸ. ಆ ಕ್ರಮ ಅವರು ಯಾವತ್ತೂ ತಪ್ಪಿಸಿದವರಲ್ಲ. ಕಾರು ಹೊರಡದ ದಿನಗಳಲ್ಲಿ ಮಾತ್ರ ಒಂದೇ ಬಾಗಿಲು ತೆಗೆದಿತ್ತು. ಒಂದು ಸಲ ಆದ್ರೆ ಮರೆವು ಅನ್ನಬಹುದು. ಪ್ರತಿ ಸಲಾನೂ? ಕೂತು ಬೀಗದಕೈ ತಿರುಗಿಸೋಕೆ ಮುಂಚೇನೇ ಕಾರು ಹೊರಡಲ್ಲ ಅಂತ ಅವರಿಗೆ ಗೊತ್ತಿತ್ತು. ಹೊರಡದ ಕಾರಿಗೆ ಆ ಬಿಗಿ ಬೋಲ್ಟಿನ ಜೊತೆ ಯಾಕೆ ಗುದ್ದಾಡಬೇಕು?"

ಚಿಕ್ಕಮಿಸ್ ಅಕ್ಕನ ಕಡೆ ತಿರುಗಿದರು.

"ಮಿಸ್," ಪೊಲೀಸಕ್ಕನ ದನಿ ತಗ್ಗಿತು, "ನೀವೇ ಹೇಳ್ತೀರಾ? ನಾನು ಹೇಳಲಾ?"

ಹೆಡ್‌ಮಿಸ್ ಬ್ಯಾಗು ತೆರೆದರು. ಕರವಸ್ತ್ರದಲ್ಲಿ ಸುತ್ತಿದ್ದ ರೋಟರನ್ನು ಮೆಕ್ಯಾನಿಕ್ಕನ ಅಂಗೈಗೆ ಹಾಕಿದರು. ಅದರ ಹಿತ್ತಾಳೆಯ ತುದಿಯನ್ನು ಒರೆಸಿ ಹೊಳೆಯುವಂತೆ ಮಾಡಿದ್ದರು.

"ನಾನೇ ತೆಗೆದೆ," ಎಂದರು, ಹಾಜರಿ ಕರೆದಷ್ಟೇ ಸಾದಾ ದನಿಯಲ್ಲಿ.

"ಇದನ್ನ ತೆಗೆಯೋದು ನಿಮಗೆ ಹೇಗೆ ಗೊತ್ತಾಯ್ತು ಮಿಸ್?" ಮೆಕ್ಯಾನಿಕ್ ಕೇಳಿದ.

"ನೀವೇ ಹೇಳಿಕೊಟ್ಟಿದ್ದು. ಒಂದು ಬೇಸಿಗೆ ರಜೆಗೆ ನಾವು ಊರಲ್ಲಿರಲ್ಲ ಅಂದಾಗ, ಇದೊಂದು ತೆಗೆದಿಟ್ಟು ಹೋಗಿ, ಗಾಡಿ ಯಾರೂ ಕದಿಯೋಕಾಗಲ್ಲ ಅಂದ್ರಿ. ನಾನು ಹೇಳಿಕೊಟ್ಟಿದ್ದನ್ನ ಮರೆಯಲ್ಲ."

"ಅಕ್ಕ, ಯಾಕೆ?" ಚಿಕ್ಕಮಿಸ್ ಡಬ್ಬದ ಮೇಲಿಂದ ಏಳಲು ನೋಡಿ, ಆಗದೆ ಕೂತರು.

"ಸೇತುವೆ ತಿರುವಿನಲ್ಲಿ ಸೈಕಲ್ ಮೇಲೆ ಒಬ್ಬ ಹುಡುಗಿ ಬಂದಳು. ನನಗೆ ಕಾಣಲಿಲ್ಲ. ಅವಳು ಬಿದ್ದ ಮೇಲೆ ಹಿಂದಿನದು ನೋಡೋ ಕನ್ನಡೀಲಿ ಕಂಡಳು. ನೀನು ಪಕ್ಕದಲ್ಲಿ ತೂಕಡಿಸ್ತಿದ್ದೆ. ನಿಲ್ಲಿಸಿದೆ. ಏಟಾಗಿರಲಿಲ್ಲ. ಎದ್ದು ನನ್ನನ್ನ ಬೈದಳು. ಸರಿಯಾಗೇ ಬೈದಳು." ಹೆಡ್‌ಮಿಸ್ ಬ್ಯಾಗು ಮುಚ್ಚಿದರು. "ಮುಂದಿನ ಶನಿವಾರ ನೀನು ಆಗಲೇ ರೆಡಿಯಾಗಿ ಗೇಟಿನ ಹತ್ರ ನಿಂತಿದ್ದೆ. ಹೇಳೋಕಾಗದೆ ಬ್ಯಾಟರಿ ವೈರು ಸಡಿಲಿಸಿದೆ."

"ಕಣ್ಣು ತೋರಿಸಿದ್ರಾ?" ಪೊಲೀಸಕ್ಕ ಕೇಳಿದಳು.

"ಇಲ್ಲ."

"ಯಾಕೆ?"

"ತೋರಿಸಿದ್ರೆ ಹೇಳ್ತಾರಲ್ಲ."

ಪೊಲೀಸಕ್ಕನಿಗೆ ಇನ್ನೊಂದು ಪ್ರಶ್ನೆ ಇತ್ತು. ಅದನ್ನು ಕೇಳದೆ ಬಿಡುವುದು ಅವಳ ಜಾಯಮಾನವಲ್ಲ. "ಇವನಿಗೆ ರೂಮು ಖಾಲಿ ಮಾಡು ಅಂದಾಗಲೂ ಸುಮ್ಮನಿದ್ರಿ. ನನ್ನ ತಮ್ಮನ ಹೆಸರು ಬೀದೀಲಿ ಹರಾಜಾದಾಗಲೂ ಸುಮ್ಮನಿದ್ರಿ."

"ಇದ್ದೆ," ಎಂದರು ಹೆಡ್‌ಮಿಸ್. "ಬೆಳಿಗ್ಗೆ ಎದ್ದರೆ ಇವತ್ತು ಹೇಳಿಬಿಡೋಣ ಅಂದ್ಕೊಳ್ತಿದ್ದೆ. ನನ್ನ ಕೈಲಿ ಇನ್ನು ಆಗಲ್ಲ ಅನ್ನೋ ಮಾತು ಆಡಿ ಅಭ್ಯಾಸ ಇಲ್ಲ. ಅದಕ್ಕೆ ಇವರಿಬ್ಬರು ಬೆಲೆ ಕೊಟ್ಟರು." ಹೊಸ್ತಿಲಿನ ಕಡೆ ತಿರುಗಿದರು. ಅಲ್ಲಿ ನಿಂತವನ ಮುಖ ಅವರಿಗೆ ಎಷ್ಟು ಕಾಣುತ್ತಿತ್ತೋ ಯಾರಿಗೂ ಗೊತ್ತಿಲ್ಲ. "ನೀನು ಎಲ್ಲೂ ಹೋಗಬೇಡ. ತಪ್ಪು ನನ್ನದು."

ಯುವಕ ಅಂಗಳಕ್ಕಿಳಿದ. ಚಿಕ್ಕಮಿಸ್ ಅವನನ್ನು ಕೂಗಿದರು. ಅವನು ನಿಂತ, ಆದರೆ ತಿರುಗಲಿಲ್ಲ.

*

ಹೆಡ್‌ಮಿಸ್ ಅರ್ಧಕ್ಕೆ ನಿಲ್ಲಿಸುವವರಲ್ಲ. ಮರುದಿನವೇ ನಡೆದುಕೊಂಡು ಗ್ಯಾರೇಜಿಗೆ ಬಂದರು. ಮಡಿಚುವ ಕುರ್ಚಿಯ ಗಿರಾಕಿಯೂ ಸೇರಿದಂತೆ ಅಲ್ಲಿದ್ದವರೆಲ್ಲರ ಮುಂದೆ, ಕಾರನ್ನು ನಿಲ್ಲಿಸಿದ್ದು ತಾವೇ ಎಂದು ಗಟ್ಟಿಯಾಗಿ ಹೇಳಿ, ಬಂದಂತೆಯೇ ಹೊರಟುಹೋದರು. ಗಿರಾಕಿ ಮುಂದಿನ ಸಲ ಕುರ್ಚಿ ತರಲಿಲ್ಲ.

ಮೆಕ್ಯಾನಿಕ್ ಮಹಡಿಯ ಮೆಟ್ಟಿಲು ಹತ್ತಿದ್ದು ಅದೇ ಸಂಜೆ. ರಟ್ಟಿನ ಪೆಟ್ಟಿಗೆ ಇನ್ನೂ ಬಾಗಿಲ ಬಳಿ ಇತ್ತು.

"ಅವತ್ತು ನಾನು ನಿನ್ನ ಕಡೆ ನೋಡಬಾರದಿತ್ತು," ಎಂದ.

"ನಾನೂ ನಿಮ್ಮ ಬಗ್ಗೆ ಅಂದೆನಲ್ಲ."

"ಹೂಂ. ಅಂದೆ."

ಯುವಕ ಪೆಟ್ಟಿಗೆಯ ಮೇಲಿನ ಟೇಪು ಕಿತ್ತ.

ಕಣ್ಣಿನ ಡಾಕ್ಟರು ಹೇಳಬೇಕಾದದ್ದನ್ನು ಹೇಳಿದರು. ಒಂದು ಕಣ್ಣಿನ ಪೊರೆ ತೆಗೆಯಬಹುದು. ಇನ್ನೊಂದರಲ್ಲಿ ಹೋದದ್ದು ಬರುವುದಿಲ್ಲ. ಓದಬಹುದು, ನಡೆಯಬಹುದು. ಕಾರು ಬೇಡ.

ಕಾರನ್ನು ಮಾರಲಿಲ್ಲ. ಆಯಿಲ್ ಬದಲಿಸುವ ಹೊತ್ತಿಗೆ ಅದು ಗ್ಯಾರೇಜಿನ ಅಂಗಳಕ್ಕೆ ಬಂದು ಎರಡು ಸಲ ಮುಗ್ಗರಿಸಿ ನಿಂತಾಗ, ಮೆಕ್ಯಾನಿಕ್ ರೂಢಿಯಂತೆ ಓಡಿ ಸ್ಟಿಯರಿಂಗ್ ಕಡೆಯ ಬಾಗಿಲು ತೆರೆದ. ಇಳಿದದ್ದು ಅಣ್ಣನ ಮಗ. ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು.

"ಕ್ಲಚ್ಚು ಬೇಗ ಬಿಡ್ತಾನೆ," ಒಳಗಿನಿಂದ ಹೆಡ್‌ಮಿಸ್ ದನಿ ಬಂತು. "ಹೇಳಿದ್ದು ಮೂರನೇ ಸಲಕ್ಕೆ ತಲೆಗೆ ಹೋಗುತ್ತೆ. ಆದ್ರೆ ಹೋದ ಮೇಲೆ ನಿಲ್ಲುತ್ತೆ."

ಅವರು ಆಚೆ ಬದಿಯ ಬಾಗಿಲನ್ನು ತಳ್ಳುತ್ತಿದ್ದರು. ಅದು ಜಗ್ಗಲಿಲ್ಲ. ಭುಜ ಕೊಟ್ಟು ತಳ್ಳಿದಾಗ ಕಿರ್ರೆಂದು ತೆರೆಯಿತು. ಇಳಿದು ನಿಂತು, ಅದರ ಕೀಲನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಈ ಬಾಗಿಲು ಇಷ್ಟು ಬಿಗಿ ಇದೆಯಲ್ಲ, ಯಾವಾಗಿಂದ?"

"ಮೊದಲಿಂದಲೂ," ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ ತಂಗಿ ಹೇಳಿದರು.

"ಇಷ್ಟು ವರ್ಷ ನೀನು ಇಲ್ಲೇ ಕೂತಿದ್ದೆ. ಆ ಮಂಡಿ ಇಟ್ಕೊಂಡು. ಒಂದು ದಿನ ಹೇಳಲಿಲ್ಲ?"

"ನೀನು ಈ ಕಡೆಯಿಂದ ಯಾವತ್ತು ಇಳಿದಿದ್ದೆ?" ಎಂದರು ಚಿಕ್ಕಮಿಸ್.

ಹೆಡ್‌ಮಿಸ್ ಬಾಗಿಲನ್ನು ಒಮ್ಮೆ ಮುಚ್ಚಿದರು, ಮತ್ತೆ ತೆರೆದರು.

"ಆಯಿಲ್ ಆಮೇಲೆ ಹಾಕಿ," ಎಂದರು ಮೆಕ್ಯಾನಿಕ್ಕನಿಗೆ. "ಮೊದಲು ಇದನ್ನ ನೋಡಿ."